ಸಾಬೂನಿನ ಗುಳ್ಳೆಯೂ ಹಸುಗೂಸಿನ ಉಸಿರೂ

ಒಂದು ಕೊಳವೆಯ ಎರಡು ತುದಿಗಳಲ್ಲಿ ಎರಡು ಸಾಬೂನಿನ ಗುಳ್ಳೆಗಳಿವೆ ಎಂದುಕೊಳ್ಳಿ. ಒಂದು ದೊಡ್ಡದು, ಇನ್ನೊಂದು ಚಿಕ್ಕದು. ನಡುವಿನ ನಲ್ಲಿ ತಿರುಗಿಸಿದರೆ ಗಾಳಿ ಎತ್ತ ಹರಿದೀತು? 'ದೊಡ್ಡದರಿಂದ ಚಿಕ್ಕದಕ್ಕೆ' ಎನ್ನುವವರೇ ಹೆಚ್ಚು. ಆಗುವುದು ತದ್ವಿರುದ್ಧ. ಚಿಕ್ಕದು ಇನ್ನೂ ಕುಗ್ಗುತ್ತದೆ, ದೊಡ್ಡದು ಹಿಗ್ಗುತ್ತದೆ!

ಕಾರಣ ಮೇಲ್ಮೈ ಎಳೆತ. ದ್ರವದ ಒಳಗಿನ ಅಣುವನ್ನು ಸುತ್ತಲಿನ ಅಣುಗಳು ಎಲ್ಲ ದಿಕ್ಕಿಗೂ ಸೆಳೆಯುತ್ತವೆ. ಮೇಲ್ಮೈಯ ಅಣುವಿಗಾದರೋ ಒಳಮುಖ ಸೆಳೆತವೇ ಹೆಚ್ಚು. ಹಾಗಾಗಿ ಮೇಲ್ಮೈ ಬಿಗಿದ ರಬ್ಬರ್ ಹಾಳೆಯಂತೆ ಕುಗ್ಗಲು ಹವಣಿಸುತ್ತದೆ. ಅದನ್ನು ತಡೆಯುವುದು ಒಳಗಿನ ಗಾಳಿಯ ಹೆಚ್ಚುವರಿ ಒತ್ತಡ. ಲಾಪ್ಲಾಸನ ಸೂತ್ರದಂತೆ, ಗುಳ್ಳೆಯ ತ್ರಿಜ್ಯ ಅರ್ಧವಾದರೆ ಈ ಒತ್ತಡ ಎರಡರಷ್ಟಾಗಬೇಕು.

ಈಗ ನಮ್ಮ ಎದೆಗೂಡಿನೊಳಗೆ ಇಣುಕೋಣ. ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ. ಒಂದೊಂದರ ತ್ರಿಜ್ಯ ಸುಮಾರು 0.1 ಮಿಲಿಮೀಟರ್. ಒಳಗೋಡೆಯ ಮೇಲೆ ದ್ರವದ ತೆಳು ಪದರ. ಅದು ಬರೀ ನೀರಾಗಿದ್ದರೆ? ನೀರಿನ ಮೇಲ್ಮೈ ಎಳೆತ ಮೀಟರಿಗೆ 0.07 ನ್ಯೂಟನ್. ಸಾಬೂನಿನ ಗುಳ್ಳೆಗೆ ಎರಡು ಮೇಲ್ಮೈ, ಇಲ್ಲಿ ಒಂದೇ. ಆದ್ದರಿಂದ ಎರಡರಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿ: 1400 ಪ್ಯಾಸ್ಕಲ್. ಇದು 14 ಸೆಂಟಿಮೀಟರ್ ನೀರಿನ ಕಂಬದ ಒತ್ತಡಕ್ಕೆ ಸಮ. ಚಿಕ್ಕ ಚೀಲಗಳಿಗೆ ಇನ್ನೂ ಹೆಚ್ಚು ಬೇಕು. ಸಿಗದಿದ್ದರೆ ಅವು ಮುದುಡಿಬಿಡುತ್ತವೆ.

ಹಾಗಾಗದಂತೆ ಶ್ವಾಸಕೋಶವೇ ಸಾಬೂನಿನಂಥ ಒಂದು ವಸ್ತುವನ್ನು ಸ್ರವಿಸುತ್ತದೆ. ಹೆಸರು ಸರ್ಫ್ಯಾಕ್ಟಂಟ್. ಚೀಲ ಕುಗ್ಗಿದಷ್ಟೂ ಇದರ ಅಣುಗಳು ಒತ್ತೊತ್ತಾಗಿ ಸೇರಿ ಎಳೆತವನ್ನು ತಗ್ಗಿಸುತ್ತವೆ. ಆದರೆ ಇದು ಸಾಕಷ್ಟು ತಯಾರಾಗುವುದು ಗರ್ಭದ ಕೊನೆಯ ವಾರಗಳಲ್ಲಿ. ಅವಧಿಗೆ ಮುನ್ನ ಹುಟ್ಟಿದ ಕೂಸು ಪ್ರತಿ ಉಸಿರಿಗೂ ಹೆಣಗಾಡುವುದು ಇದರ ಕೊರತೆಯಿಂದಲೇ ಎಂದು 1959ರಲ್ಲಿ ಅಮೆರಿಕದ ವೈದ್ಯೆ ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ ತೋರಿಸಿಕೊಟ್ಟರು.

ಕಾರಣ ತಿಳಿದರೂ ಮದ್ದಿರಲಿಲ್ಲ. 1963ರ ಆಗಸ್ಟ್‌ನಲ್ಲಿ ಐದೂವರೆ ವಾರ ಮುಂಚೆ ಹುಟ್ಟಿದ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗು ಪ್ಯಾಟ್ರಿಕ್ ಎರಡೇ ದಿನದಲ್ಲಿ ತೀರಿಕೊಂಡಿತು. 1980ರಲ್ಲಿ ಜಪಾನಿನ ಫುಜಿವಾರಾ ತಂಡ ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟಂಟನ್ನು ಹತ್ತು ಕೂಸುಗಳ ಶ್ವಾಸನಾಳಕ್ಕೆ ಹಾಕಿ ಫಲ ಕಂಡಿತು. ಇಂದು ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿ ಇದು ರೂಢಿಯ ಚಿಕಿತ್ಸೆ.

ಮನೆಯಲ್ಲೇ ನೋಡಬೇಕೆ? ತಟ್ಟೆಯ ನೀರಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ಸಾಬೂನು ಸವರಿದ ಬೆರಳನ್ನು ನಡುವೆ ಅದ್ದಿ. ಪುಡಿ ಥಟ್ಟನೆ ಅಂಚಿಗೆ ಸರಿಯುತ್ತದೆ. ಬೆರಳು ತಾಗಿದಲ್ಲಿ ಎಳೆತ ತಗ್ಗಿತು, ಅಷ್ಟೇ. ಹಸುಗೂಸಿನ ಎದೆಯಲ್ಲಿ ಆಗಬೇಕಾದದ್ದೂ ಅದೇ.