ಕಲ್ಲು ನೀರು ಕೊಡುವ, ಮಣ್ಣು ಬೆಳ್ಳಿ ಬೆಳಗುವ ಬೀದರ್

ಮೂರು ಕಂದಕ! ಕೋಟೆಗೆ ಒಂದು ಕಂದಕ ಇರುವುದು ಗೊತ್ತು, ಎರಡಿದ್ದರೆ ಬೆರಗು. ಬೀದರ್ ಕೋಟೆಗೆ ಊರಿನ ಕಡೆಯಿಂದ ಹೋದವರು ಗೋಡೆಯ ಬುಡದತ್ತ ಬಗ್ಗಿ ನೋಡಬೇಕು. ಒಂದರ ಪಕ್ಕ ಒಂದು, ಅದರ ಪಕ್ಕ ಇನ್ನೊಂದು! ಇವನ್ನು ಯಾರೂ ಕಟ್ಟಿದ್ದಲ್ಲ, ನೆಲವನ್ನೇ ಕಡಿದದ್ದು. ಜಂಬಿಟ್ಟಿಗೆ ಬಂಡೆಯನ್ನು ಉಳಿಯಿಂದ ಆಳಕ್ಕೆ ಕೊರೆಯುತ್ತ ಹೋಗಿ, ನಡುವೆ ಎರಡು ಗೋಡೆಗಳಿಗೆ ಬೇಕಾದಷ್ಟು ಬಂಡೆಯನ್ನು ಹಾಗೆಯೇ ನಿಲ್ಲಿಸಿಬಿಟ್ಟಿದ್ದಾರೆ. ತಲೆ ಎತ್ತಿದರೆ ಮೇಲಿನ ಕೋಟೆಯಲ್ಲೂ ಅದೇ ಕೆಂಪು. ನೆಲ ಎಲ್ಲಿ ಮುಗಿಯಿತು, ಕಟ್ಟಡ ಎಲ್ಲಿ ಶುರುವಾಯಿತು ಎಂದು ಹೇಳಲಾಗದು.

ಚಳಿಗಾಲದಲ್ಲಿ ಎರಡು ದಿನ ಎಲ್ಲಾದರೂ ಹೋಗಬೇಕು ಅಂತಿದ್ದರೆ ಬೀದರ್‌ಗೆ ಹೋಗಿ. ಸಮುದ್ರಮಟ್ಟದಿಂದ 2,000 ಅಡಿಗೂ ಎತ್ತರದ ಪ್ರಸ್ಥಭೂಮಿಯ ಮೇಲೆ ಕೂತ ಊರು ಇದು. ಡಿಸೆಂಬರ್ ಬಂತೆಂದರೆ ರಾಜ್ಯದಲ್ಲಿ ಅತಿ ಕಡಿಮೆ ಉಷ್ಣಾಂಶದ ಸುದ್ದಿಯಲ್ಲಿ ಬೀದರ್ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಬೇಸಿಗೆಯಲ್ಲಿ ಕಾಲಿಡಲಾಗದಂತೆ ಕಾಯುವ ಕಲ್ಲಿನ ಮೇಲೆ ಈಗ ಮಧ್ಯಾಹ್ನವೂ ಆರಾಮವಾಗಿ ತಿರುಗಬಹುದು. ಬೆಂಗಳೂರಿನಲ್ಲಿ ಸಂಜೆ ರೈಲು ಹತ್ತಿದರೆ ಬೆಳಿಗ್ಗೆ ಬೀದರ್. ಹೈದರಾಬಾದ್‌ನಿಂದಾದರೆ ಸುಮಾರು 140 ಕಿಲೋಮೀಟರ್ ಅಷ್ಟೆ. 2017ರಲ್ಲಿ ಕಲಬುರಗಿ–ಬೀದರ್ ರೈಲು ಹಳಿ ತೆರೆದ ಮೇಲೆ ಕಲಬುರಗಿಯನ್ನೂ ಇದೇ ಪ್ರವಾಸಕ್ಕೆ ಸೇರಿಸಿಕೊಳ್ಳುವುದು ಸುಲಭವಾಗಿದೆ. ಆದರೆ ನನ್ನ ಮಾತು ಕೇಳುವುದಾದರೆ ಸೇರಿಸಿಕೊಳ್ಳಬೇಡಿ. ಇಡೀ ಎರಡು ದಿನ ಬೀದರ್‌ಗೇ ಕೊಡಿ, ಅದೂ ಸಾಲದು.

ಮೊದಲ ಬೆಳಿಗ್ಗೆ ಬಿಸಿಲು ಏರುವ ಮುಂಚೆಯೇ ಮಹಮೂದ್ ಗವಾನನ ಮದರಸಾಕ್ಕೆ ಹೋಗಿ. ಅದರ ಮುಖ ಪೂರ್ವಕ್ಕಿದೆ. ಎಳೆ ಬಿಸಿಲು ನೇರ ಬಂದು ಬೀಳುವುದು ಮಿನಾರಿನ ಹೆಂಚುಗಳ ಮೇಲೆ. ನೀಲಿ, ಹಸಿರು, ಹಳದಿ, ಬಿಳಿ! ಇಂಥ ಬಣ್ಣದ ಕಟ್ಟಡ ನೋಡಲು ಇರಾನಿಗೋ ಸಮರ್ಕಂದಕ್ಕೋ ಹೋಗಬೇಕೆಂದು ನಾವು ನಂಬಿರುತ್ತೇವೆ, ಅದು ನಮ್ಮ ರಾಜ್ಯದ ತುತ್ತತುದಿಯಲ್ಲಿ ನಿಂತಿದೆ. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ್‌ನಿಂದ ವ್ಯಾಪಾರಿಯಾಗಿ ಬಂದ ಗವಾನ ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಈ ಮೂರಂತಸ್ತಿನ ವಿದ್ಯಾಲಯ ಕಟ್ಟಿಸಿದ, ಅದರಲ್ಲಿ ದೊಡ್ಡ ಗ್ರಂಥಭಂಡಾರ ಇರಿಸಿದ. 1481ರಲ್ಲಿ ಯಾರೋ ಸೃಷ್ಟಿಸಿದ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನ ಅವನನ್ನು ಕೊಲ್ಲಿಸಿದ. ಮುಂದೆ ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಐದು ಹೋಳಾಯಿತು. ಮದರಸಾದ ಎರಡು ಮಿನಾರುಗಳಲ್ಲಿ ಒಂದು ಬಿದ್ದಿದೆ, ಹೆಂಚುಗಳು ಬಹಳಷ್ಟು ಉದುರಿವೆ. ಉಳಿದದ್ದೇ ಇಷ್ಟು ಹೊಳೆಯುವಾಗ ಇಡಿಯಾಗಿದ್ದಾಗ ಹೇಗಿತ್ತೋ!

ಅಲ್ಲಿಂದ ಕೋಟೆಗೆ ನಡೆದೇ ಹೋಗಬಹುದು. ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಬಹಮನಿ ಸುಲ್ತಾನ ಅಹಮದ್ ಷಾ 15ನೆಯ ಶತಮಾನದಲ್ಲಿ ಕಟ್ಟಿಸಿದ್ದು ಇದು. ಒಳಗೆ ತಖ್ತ್ ಮಹಲ್, ಗಗನ್ ಮಹಲ್, ಸೋಲಾ ಖಂಬಾ ಮಸೀದಿ ಎಲ್ಲ ಇವೆ. ಆದರೆ ನೀವು ಬಿಡಲೇಬಾರದ್ದು ರಂಗೀನ್ ಮಹಲ್. ಸಾಮಾನ್ಯವಾಗಿ ಬೀಗ ಹಾಕಿರುತ್ತದೆ. ಬಾಗಿಲು ಮುಚ್ಚಿದೆ ಎಂದು ಹಿಂದಿರುಗಬೇಡಿ, ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಿ. ಮೊದಲು ಕೆತ್ತನೆಯ ಮರದ ಕಂಬಗಳು, ಆಮೇಲೆ ಒಳಕೋಣೆಯ ಬಾಗಿಲು. ಮಸಿಗಪ್ಪು ಕಲ್ಲಿನಲ್ಲಿ ಬಳ್ಳಿ, ಹೂವು, ಅಕ್ಷರ ಕೊರೆದು, ಆ ಗೆರೆಗಳೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ! ತಲೆಯನ್ನು ಅತ್ತಿತ್ತ ಸ್ವಲ್ಪ ವಾಲಿಸಿದರೂ ಚಿಪ್ಪಿನ ಬಣ್ಣ ಬದಲಾಗುತ್ತದೆ. ಸಮುದ್ರದಿಂದ ನೂರಾರು ಮೈಲಿ ದೂರದ ಈ ಒಣ ಗುಡ್ಡದ ಮೇಲೆ!

ಕಪ್ಪಿನ ಮೇಲೆ ಬಿಳಿ. ಇದನ್ನು ಕಣ್ಣಲ್ಲಿಟ್ಟುಕೊಂಡೇ ಮಧ್ಯಾಹ್ನ ಊರ ನಡುವಿನ ಚೌಬಾರಾ ಗೋಪುರದ ಸುತ್ತಲ ಬೀದಿಗಳಲ್ಲಿರುವ ಬಿದ್ರಿ ಅಂಗಡಿಗಳಿಗೆ ಬನ್ನಿ. ಮುಂಭಾಗದಲ್ಲಿ ಮಾರಾಟ, ಒಳಗೆ ಕೆಲಸ. "ನೋಡಬಹುದಾ?" ಅಂತ ಕೇಳಿದರೆ ಸಾಕು, "ಬರ್ರಿ, ಕೂಡ್ರಿ" ಅಂತಾರೆ. ಕೂತುಬಿಡಿ, ಅವಸರ ಮಾಡಬೇಡಿ. ಸತುವಿಗೆ ಸ್ವಲ್ಪವೇ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ ಮೊದಲು ಬೂದುಬಣ್ಣಕ್ಕಿರುತ್ತದೆ. ಅದಕ್ಕೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಬರೆದ ಗೆರೆ ಕಾಣಲೆಂದು. ಅಚ್ಚಿಲ್ಲ, ಕಾಗದವಿಲ್ಲ, ಬರಿಗೈಯಲ್ಲಿ ಬಳ್ಳಿ ಬರೆಯುತ್ತಾರೆ. ಸಣ್ಣ ಉಳಿಯಿಂದ ಗೆರೆ ಕೊರೆದು ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಉಜ್ಜಿ ನಯಮಾಡಿದಾಗ ಕಪ್ಪೆಲ್ಲ ಹೋಗಿ ಸತುವೂ ಬೆಳ್ಳಿಯೂ ಒಂದೇ ಬಣ್ಣಕ್ಕೆ ಬರುತ್ತವೆ. ಪಟ್ಟ ಪಾಡೆಲ್ಲ ಅಳಿಸಿಹೋಯಿತೇ ಎನ್ನಿಸುವಷ್ಟು!

ಆಗ ಬರುತ್ತದೆ ಮಣ್ಣು. ಎಲ್ಲಿಯದೋ ಮಣ್ಣಲ್ಲ, ಬೆಳಿಗ್ಗೆ ನೀವು ತುಳಿದು ಬಂದ ಅದೇ ಕೋಟೆಯದು. ಶತಮಾನಗಳಿಂದ ಮಳೆ, ಬಿಸಿಲು ತಾಗದ ಜಾಗಗಳಿಂದ ತಂದದ್ದು. ಒಳ್ಳೆಯದೋ ಅಲ್ಲವೋ ಎಂದು ಕುಶಲಕರ್ಮಿಗಳು ಅದನ್ನು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಅದನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿಮಾಡಿದ ಹೂಜಿಗೆ ತಿಕ್ಕುತ್ತಾರೆ. ಕಣ್ಣೆದುರೇ ಸತುವೆಲ್ಲ ಅಮಾವಾಸ್ಯೆಯ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಒಂದೊಂದು ಎಲೆ, ಒಂದೊಂದು ಎಳೆ ಬೆಳ್ಳಗೆ ಎದ್ದು ನಿಲ್ಲುತ್ತದೆ. ಈ ಕಲೆಗೆ ಬದುಕನ್ನೇ ಕೊಟ್ಟ ಬೀದರ್‌ನ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಒಂದು ಚಿಕ್ಕ ಡಬ್ಬಿಯಾದರೂ ಕೊಳ್ಳಿ. ಚೌಕಾಸಿ ಮಾಡುವ ಮುಂಚೆ ಆ ಬೆರಳುಗಳನ್ನೊಮ್ಮೆ ನೋಡಿ.

ಎರಡನೆಯ ದಿನ ಬೆಳಿಗ್ಗೆ ಊರಂಚಿನ ನೌಬಾದ್. ಇಲ್ಲಿ ನೋಡಬೇಕಾದ್ದು ನೆಲದ ಕೆಳಗಿದೆ. ಜಂಬಿಟ್ಟಿಗೆ ಮಳೆನೀರನ್ನು ಸ್ಪಂಜಿನಂತೆ ಹೀರಿಕೊಂಡು ಕೆಳಗಿಳಿಸುತ್ತದೆ. ಅಡಿಯಲ್ಲಿರುವ ಗಟ್ಟಿ ಕಪ್ಪುಶಿಲೆ ಆ ನೀರನ್ನು ಮುಂದೆ ಬಿಡುವುದಿಲ್ಲ. ಎರಡು ಕಲ್ಲುಗಳು ಕೂಡುವ ಆ ಮಟ್ಟವನ್ನು ಹುಡುಕಿ, ಅಲ್ಲಿ ತುಸುವೇ ಇಳಿಜಾರಾಗಿ ಸುರಂಗ ಕೊರೆದರೆ ನೀರು ತಾನಾಗಿ ಹರಿದು ಬರುತ್ತದೆ. ರಾಟೆ ಬೇಡ, ಎತ್ತು ಬೇಡ! ಇರಾನಿನ ಈ ವಿದ್ಯೆ ಬಹಮನಿಗಳ ಕಾಲದಲ್ಲಿ ಇಲ್ಲಿ ಬೇರೂರಿತು. ಅದರ ಹೆಸರು ಕರೇಜ್, ನಮ್ಮವರ ಬಾಯಲ್ಲಿ ಸುರಂಗ ಬಾವಿ. ಸುರಂಗದ ಉದ್ದಕ್ಕೂ ಮೇಲಿನಿಂದ 20ಕ್ಕೂ ಹೆಚ್ಚು ಬಾವಿಗಳನ್ನು ಇಳಿಸಿದ್ದಾರೆ, ಗಾಳಿಗೂ ನೀರು ಸೇದುವುದಕ್ಕೂ. ಆಳದ ಕತ್ತಲಲ್ಲಿ ಮಟ್ಟ ತಪ್ಪದೆ, ಒಂದು ಬಾವಿಯ ಬುಡದಿಂದ ಇನ್ನೊಂದು ಬಾವಿಯ ಬುಡಕ್ಕೆ ಕೊರೆದು ಮುಟ್ಟಿದರಲ್ಲ! ಹೂಳು ತುಂಬಿ ಮರೆತೇ ಹೋಗಿದ್ದ ಇದನ್ನು ಈಚಿನ ವರ್ಷಗಳಲ್ಲಿ ತೆಗೆದು ಶುಚಿಮಾಡಿದಾಗ ನೀರು ಮತ್ತೆ ಕಂಡಿತು.

ಅದೇ ಕಲ್ಲಿನಿಂದ ಒಸರುವ ಇನ್ನೊಂದು ಚಿಲುಮೆಯ ಬಳಿ ಗುರುದ್ವಾರ ನಾನಕ್ ಝೀರಾ ಇದೆ. ಲಂಗರ್‌ನಲ್ಲಿ ಊಟ ಮುಗಿಸಿ ಅಷ್ಟೂರಿಗೆ ಹೊರಡಿ. ಬಯಲಲ್ಲಿ ಸಾಲಾಗಿ ನಿಂತ ಸುಲ್ತಾನರ ಗುಮ್ಮಟಗಳು. ಒಂದಕ್ಕೆ ಸಿಡಿಲು ಬಡಿದು ಅರ್ಧ ಕಳಚಿ, ಗುಮ್ಮಟ ಕಟ್ಟುವ ಗುಟ್ಟನ್ನೆಲ್ಲ ತೆರೆದು ತೋರಿಸುತ್ತಿದೆ. ಅಹಮದ್ ಷಾನ ಸಮಾಧಿಯೊಳಗೆ ಕತ್ತಲು. ಉಸ್ತುವಾರಿ ನೋಡುವವರು ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸಿ ತೋರಿಸುವುದುಂಟು. ಬೆಳಕು ಹರಿದಲ್ಲೆಲ್ಲ ಚಿನ್ನ, ಕುಂಕುಮಗೆಂಪು, ನೀಲಿ! ಈ ಸುಲ್ತಾನನನ್ನು ಮುಸ್ಲಿಮರು ವಲೀ ಎನ್ನುತ್ತಾರೆ, ಹಿಂದೂಗಳು ಅಲ್ಲಮಪ್ರಭು ಎನ್ನುತ್ತಾರೆ. ಜಾತ್ರೆಯಲ್ಲಿ ಇಬ್ಬರೂ ಕೂಡುತ್ತಾರೆ.

ಇನ್ನು ದಿನ ಗೊತ್ತುಮಾಡುವ ಮಾತು. ಕ್ಯಾಲೆಂಡರಿನಲ್ಲಿ ಎಳ್ಳಮಾವಾಸ್ಯೆ ಯಾವಾಗ ಎಂದು ಮೊದಲು ನೋಡಿ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುತ್ತದೆ. ಕೋಟೆ, ಮದರಸಾ, ಬಿದ್ರಿ ಅಂಗಡಿಯನ್ನು ಅದರ ಹಿಂದಿನ ದಿನಕ್ಕೇ ಮುಗಿಸಿಕೊಳ್ಳಿ, ಹಬ್ಬದ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಜೋಳದ ದಂಟಿನ ಕೊಂಪೆ ಹಾಕಿ, ಪಾಂಡವರೆಂದು ಐದು ಕಲ್ಲಿಟ್ಟು ಪೂಜಿಸಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲುತ್ತಾರೆ. ಆಮೇಲೆ ಊಟ! ಹಸಿ ಕಡಲೆ, ಬಟಾಣಿ, ಶೇಂಗಾ, ಸೊಪ್ಪು ಎಲ್ಲ ಕೂಡಿಸಿ ಹುಣಸೆ ಹಿಂಡಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ತಣ್ಣನೆಯ ಅಂಬಲಿ, ಶೇಂಗಾ ಹೋಳಿಗೆ. ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಕೂರಿಸುತ್ತಾರೆ. ನಿಮ್ಮನ್ನೂ ಕರೆಯುತ್ತಾರೆ, ಸಂಕೋಚ ಬೇಡ. ಆವತ್ತು ಬೆಳಿಗ್ಗೆ ಲಾಡ್ಜಿನಲ್ಲಿ ತಿಂಡಿ ಮಾತ್ರ ತಿನ್ನಬೇಡಿ.