ಡಿಗ್ರಿ ಬಂದರೆ ಸಾಕೇ?

ಹಳ್ಳಿಯ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರ ನಡುವೆ ದಿನವೂ ಕೇಳುವ ಮಾತು ‘ಡಿಗ್ರಿ ಎಷ್ಟು ಬಂತು?’ ಎಂಬುದು. ಇದು ಬಿಸಿಯ ಡಿಗ್ರಿಯಲ್ಲ, ಲ್ಯಾಕ್ಟೋಮೀಟರಿನ ಅಂಕಿ. ತಳದಲ್ಲಿ ಭಾರ ತುಂಬಿದ ಗಾಜಿನ ಬುರುಡೆ, ಅದರ ಮೇಲೆ ಸಣ್ಣ ಕೊಳವೆ, ಕೊಳವೆಯೊಳಗೆ ಅಂಕಿಗಳ ಪಟ್ಟಿ, ಉಪಕರಣ ಇಷ್ಟೇ. ತೇಲುವ ವಸ್ತು ತನ್ನ ತೂಕದಷ್ಟೇ ದ್ರವವನ್ನು ಪಕ್ಕಕ್ಕೆ ಸರಿಸುತ್ತದೆ ಎಂದು ಆರ್ಕಿಮಿಡೀಸ್ ಹೇಳಿದ್ದೇ ಇದಕ್ಕೆ ಆಧಾರ. ದ್ರವ ಸಾಂದ್ರವಾಗಿದ್ದರೆ ಸ್ವಲ್ಪ ಸರಿಸಿದರೂ ತೂಕ ಸರಿಹೋಗಿ ಕೊಳವೆ ಮೇಲೆದ್ದು ನಿಲ್ಲುತ್ತದೆ, ಇಲ್ಲವಾದರೆ ಇನ್ನಷ್ಟು ಮುಳುಗುತ್ತದೆ. ಅದಕ್ಕೇ ಪಟ್ಟಿಯಲ್ಲಿ ದೊಡ್ಡ ಅಂಕಿಗಳು ಕೆಳಗಿವೆ. 30 ಬಂತೆಂದರೆ ಒಂದು ಲೀಟರ್ ಹಾಲು 1,030 ಗ್ರಾಂ ತೂಗುತ್ತದೆ ಎಂದರ್ಥ. ಒಂದು ಲೀಟರ್ ನೀರು ಹತ್ತಿರ ಹತ್ತಿರ 1,000 ಗ್ರಾಂ. ಈ ಮೂವತ್ತು ಗ್ರಾಮಿನ ಅಂತರವನ್ನು ನೋಡಿ ಹಾಲು ಒಳ್ಳೆಯದೋ ಕೆಟ್ಟದ್ದೋ, ತಂದವರು ಪ್ರಾಮಾಣಿಕರೋ ಅಲ್ಲವೋ ಎಂದು ತೀರ್ಮಾನಿಸುವ ರೂಢಿ ನಮ್ಮಲ್ಲಿದೆ. ಅಷ್ಟು ಭಾರವನ್ನು ಹೊರುವ ಶಕ್ತಿ ಈ ಒಂದು ಅಂಕಿಗೆ ಇಲ್ಲ.

ಗೊಂದಲ ನಮ್ಮ ಮಾತಿನಲ್ಲೇ ಶುರುವಾಗುತ್ತದೆ. ಕೆನೆ ದಪ್ಪಗೆ ಕಟ್ಟುವ ಹಾಲನ್ನು ‘ಗಟ್ಟಿ ಹಾಲು’ ಎನ್ನುತ್ತೇವೆ, ಗಟ್ಟಿಯಾದದ್ದು ಭಾರವೂ ಆಗಿರಬೇಕು ಎಂದು ಭಾವಿಸುತ್ತೇವೆ. ಆದರೆ ಕೆನೆ ಹಾಲಿನ ಮೇಲೆ ತೇಲುತ್ತದಲ್ಲ! ಹಾಲಿನ ಕೊಬ್ಬಿನ ಸಾಂದ್ರತೆ ಸುಮಾರು 0.93, ನೀರಿಗಿಂತ ಕಡಿಮೆ. ಹರಳೆಣ್ಣೆ ಅಂಟಂಟಾಗಿ ನಿಧಾನಕ್ಕೆ ಸುರಿದರೂ ನೀರಿನ ಮೇಲೆ ತೇಲುವುದು ಇದೇ ಕಾರಣಕ್ಕೆ. ಮಂದವಾಗಿರುವುದು ಬೇರೆ, ಸಾಂದ್ರವಾಗಿರುವುದು ಬೇರೆ. ಹಾಲಿಗೆ ಭಾರ ಕೊಡುವುದು ಅದರಲ್ಲಿ ಕರಗಿದ ಸಕ್ಕರೆಯಂಶ, ಪ್ರೋಟೀನು, ಲವಣಗಳು, ಅಂದರೆ ಡೈರಿಯವರು ಎಸ್‌ಎನ್‌ಎಫ್ ಎನ್ನುವ ಭಾಗ. ಇದು ಅಂಕಿಯನ್ನು ಮೇಲಕ್ಕೆ ಎಳೆಯುತ್ತದೆ, ಕೊಬ್ಬು ಕೆಳಕ್ಕೆ. ಕೊಳವೆಯ ಮೇಲೆ ಕಾಣುವುದು ಆ ಎಳೆದಾಟದ ಫಲ ಮಾತ್ರ, ಯಾವುದು ಎಷ್ಟು ಎಳೆಯಿತು ಎಂಬುದು ಅಲ್ಲಿ ಕಾಣುವುದಿಲ್ಲ.

ಮೋಸ ನುಸುಳುವುದು ಇಲ್ಲೇ. 30 ತೋರಿಸುವ ಹಾಲಿನ ಒಂಬತ್ತು ಭಾಗಕ್ಕೆ ಒಂದು ಭಾಗ ನೀರು ಬೆರೆಸಿದರೆ ಅಂಕಿ 27ಕ್ಕೆ ಇಳಿದು ಸಿಕ್ಕಿಬೀಳುತ್ತದೆ. ಆದರೆ ಮೊದಲು ಕೆನೆ ತೆಗೆದುಬಿಟ್ಟರೆ? ಹಗುರವಾದದ್ದು ಹೋದದ್ದರಿಂದ ಉಳಿದ ಹಾಲು ಇನ್ನೂ ಭಾರವಾಗುತ್ತದೆ. ಅದು 36 ತೋರಿಸಿತು ಎಂದಿಟ್ಟುಕೊಳ್ಳಿ. ಐದು ಲೀಟರಿಗೆ ಒಂದು ಲೀಟರ್ ನೀರು ಸೇರಿಸಿದರೆ ಆರು ಲೀಟರಿನ ಡಿಗ್ರಿ ಸರಿಯಾಗಿ 30! ಕೆನೆಯೂ ಹೋಯಿತು, ನೀರೂ ಬಂತು, ಲ್ಯಾಕ್ಟೋಮೀಟರಿಗೆ ಏನೂ ಗೊತ್ತಾಗಲಿಲ್ಲ. ಸಕ್ಕರೆಯನ್ನೋ ಉಪ್ಪನ್ನೋ ಕರಗಿಸಿದರೂ ಇಳಿದ ಅಂಕಿ ಮೇಲೇರುತ್ತದೆ.

ಹಾಗಾದರೆ ಈ ಗಾಜಿನ ಕಡ್ಡಿಯನ್ನು ಎಸೆದುಬಿಡಬೇಕೇ ಎಂದು ಕೇಳಬಹುದು. ಖಂಡಿತ ಬೇಡ. ಕೊಬ್ಬಿನ ಪ್ರಮಾಣವನ್ನು ಬೇರೆಯಾಗಿ ಅಳೆದು ಪಕ್ಕದಲ್ಲಿಟ್ಟರೆ ಇದೇ ಅಂಕಿಗೆ ಬೆಲೆ ಬರುತ್ತದೆ. ಗರ್ಬರ್ ವಿಧಾನದಲ್ಲಿ ಹಾಲಿಗೆ ಗಂಧಕಾಮ್ಲ ಬೆರೆಸಿ, ವೇಗವಾಗಿ ತಿರುಗಿಸಿ, ಮೇಲೆ ಬಂದ ಕೊಬ್ಬನ್ನು ಅಳೆಯುತ್ತಾರೆ. ಲ್ಯಾಕ್ಟೋಮೀಟರ್ ಅಂಕಿಯ ಕಾಲು ಭಾಗಕ್ಕೆ ಕೊಬ್ಬಿನ ಶೇಕಡಾ ಪ್ರಮಾಣದ ಸುಮಾರು ಐದನೇ ಒಂದು ಭಾಗವನ್ನೂ ಒಂದು ಸಣ್ಣ ಸ್ಥಿರಾಂಕವನ್ನೂ ಕೂಡಿದರೆ ಎಸ್‌ಎನ್‌ಎಫ್ ಸಿಗುತ್ತದೆ. ಕೆನೆ ತೆಗೆದು ನೀರು ಹಾಕಿದ ಹಾಲು ಈ ಎರಡು ಪರೀಕ್ಷೆಗಳನ್ನು ಒಟ್ಟಿಗೆ ದಾಟಲಾರದು. ಅನುಮಾನ ಉಳಿದರೆ ಹೆಪ್ಪುಗಟ್ಟುವ ಉಷ್ಣತೆ ನೋಡಬಹುದು: ಹಾಲು ಗಡ್ಡೆಕಟ್ಟುವುದು ಸುಮಾರು ಮೈನಸ್ 0.54 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು ಬೆರೆತಷ್ಟೂ ಅದು ಸೊನ್ನೆಯತ್ತ ಸರಿಯುತ್ತದೆ. ಈಗ ಗುಂಡಿ ಒತ್ತಿದರೆ ಎಲ್ಲವನ್ನೂ ಹೇಳುವ ಯಂತ್ರಗಳು ಬಂದಿವೆಯಲ್ಲ ಎಂಬುದು ಇನ್ನೊಂದು ಮಾತು. ಬಂದಿವೆ, ಒಳ್ಳೆಯದೇ. ಆದರೆ ಅವು ಸರಿ ಹೇಳುತ್ತಿವೆಯೇ ಎಂದು ಆಗಾಗ ತಾಳೆ ನೋಡಲು ಇಂಥ ನೇರ ಅಳತೆಗಳೇ ಬೇಕು.

ನನಗೆ ಹೆಚ್ಚು ಕಾಡುವುದು ಮೋಸಗಾರ ತಪ್ಪಿಸಿಕೊಳ್ಳುವ ಸಂಗತಿಯಲ್ಲ, ನೀರು ಹಾಕದವರ ಮೇಲೆ ಅಪವಾದ ಬರುವುದು. ಆಗತಾನೇ ಕರೆದ ಹಾಲಿನಲ್ಲಿ ನೊರೆಯ ಗಾಳಿ ಸಿಕ್ಕಿಕೊಂಡಿರುತ್ತದೆ, ಬೆಚ್ಚಗಿನ ಕೊಬ್ಬು ಇನ್ನೂ ಗಟ್ಟಿಯಾಗಿರುವುದಿಲ್ಲ. ಎರಡೂ ಅಂಕಿಯನ್ನು ಇಳಿಸುತ್ತವೆ. ಆದ್ದರಿಂದ ಹಾಲು ಸ್ವಲ್ಪ ಹೊತ್ತು ತಣಿಯಬೇಕು. ಜಾಡಿಯ ಗೋಡೆಗೆ ತಾಗದಂತೆ ಲ್ಯಾಕ್ಟೋಮೀಟರನ್ನು ಬಿಟ್ಟು, ಅದು ಅಲುಗಾಡದೆ ನಿಂತ ಮೇಲೆ ಕಣ್ಣನ್ನು ಹಾಲಿನ ಮಟ್ಟಕ್ಕೇ ತಂದು ಓದಬೇಕು. ಹಾಲಿನ ಆಚೆ ಏನೂ ಕಾಣುವುದಿಲ್ಲವಾದ್ದರಿಂದ ಓದಬೇಕಾದದ್ದು ಕೊಳವೆಗೆ ಹಾಲು ಹತ್ತಿಕೊಂಡ ಮೇಲಂಚು. ಇನ್ನು ಉಷ್ಣತೆ. 27 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ ಲ್ಯಾಕ್ಟೋಮೀಟರಿನಲ್ಲಿ, ಅದಕ್ಕಿಂತ ಬಿಸಿಯಾದ ಪ್ರತಿ ಡಿಗ್ರಿಗೆ ಸುಮಾರು 0.2 ಕೂಡಬೇಕು, ತಣ್ಣಗಿದ್ದರೆ ಅಷ್ಟೇ ಕಳೆಯಬೇಕು. 32 ಡಿಗ್ರಿ ಬಿಸಿ ಇರುವ ಹಾಲು 27 ತೋರಿಸಿದರೆ ಅದರ ನಿಜವಾದ ಅಂಕಿ 28. ಕನಿಷ್ಠ 28 ಇರಲೇಬೇಕು ಎನ್ನುವ ಕಡೆ, ಆ ಹಾಲು ಕ್ಯಾನಿಗೆ ಹೋಗುತ್ತದೋ ಮನೆಗೆ ವಾಪಸಾಗುತ್ತದೋ ಎಂಬುದು ಮೇಜಿನ ಮೇಲೆ ಒಂದು ಥರ್ಮಾಮೀಟರ್ ಇದೆಯೇ ಎಂಬುದರ ಮೇಲೆ ನಿಂತಿದೆ.