ಕುದುರೆಗೆ ಹುಲ್ಲೇ ಊಟ, ಬೂಸಾ ಅಲ್ಲ: ಕಡಿಮೆ ಖರ್ಚಲ್ಲಿ ಸಮತೋಲನ ಮೇವು ಕೊಡೋದು ಹೇಗೆ?

ಟಾಂಗಾ, ಮದುವೆ ಮೆರವಣಿಗೆ, ಜಾತ್ರೆಯ ಗಾಡಿ ಓಟ, ಪ್ರವಾಸಿಗರ ಸವಾರಿ ಅಂತ ನಮ್ಮಲ್ಲಿ ಇವತ್ತಿಗೂ ಕುದುರೆ ನಂಬಿ ಬದುಕೋ ಮನೆಗಳಿವೆ. ಹಸುವಿನ ಕೊಟ್ಟಿಗೆಯಲ್ಲೇ ಒಂದು ಕುದುರೆ ಕಟ್ಟಿಕೊಂಡ ಯುವ ರೈತರೂ ಇದ್ದಾರೆ. ಇಂಥ ಕಡೆ ಸಾಮಾನ್ಯವಾಗಿ ಆಗೋದು ಇಷ್ಟೇ: ಹಸುವಿಗೆ ಕಲಸಿದ ಗೋಧಿ ಬೂಸಾವನ್ನೇ ಕುದುರೆಗೂ ಇಡ್ತಾರೆ, ಹಸುವಿಗೆ ಕೊಯ್ದ ನೇಪಿಯರ್ ಹುಲ್ಲನ್ನೇ ಕುದುರೆಗೂ ಹಾಕ್ತಾರೆ. ಕುದುರೆ ಚೆನ್ನಾಗೇ ತಿನ್ನುತ್ತೆ. ಆದ್ರೆ ಕೆಲವು ತಿಂಗಳಲ್ಲಿ ಕುಂಟೋಕೆ ಶುರುವಾಗುತ್ತೆ. ಇವತ್ತು ಒಂದು ಕಾಲು, ಮುಂದಿನ ವಾರ ಇನ್ನೊಂದು. ಲಾಳ ಬದಲಾಯಿಸಿದ್ರೂ ಸರಿ ಹೋಗಲ್ಲ. ಯಾಕಂದ್ರೆ ತೊಂದರೆ ಗೊರಸಲ್ಲಿಲ್ಲ, ಮೇವಿನ ಬುಟ್ಟಿಯಲ್ಲಿದೆ.

ಹಸು ಬೇರೆ, ಕುದುರೆ ಬೇರೆ

ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ. ತಿಂದದ್ದು ಮೊದಲು ದೊಡ್ಡ ಹೊಟ್ಟೆಗೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳ ಕೈಗೆ ಸಿಗುತ್ತೆ, ಆಮೇಲೆ ಮೆಲುಕು. ಕುದುರೆಗೆ ಇರೋದು ಒಂದೇ ಹೊಟ್ಟೆ, ಅದೂ ದೇಹಕ್ಕೆ ಹೋಲಿಸಿದ್ರೆ ತುಂಬಾ ಚಿಕ್ಕದು. ನಾರು ಕರಗಿಸೋ ಸೂಕ್ಷ್ಮಜೀವಿಗಳು ಹಿಂದೆ, ದೊಡ್ಡ ಕರುಳಿನಲ್ಲಿರುತ್ತವೆ.

ಇದರಿಂದ ಮೂರು ವಿಷಯ ನೆನಪಿಡಬೇಕು. ಒಂದು, ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲೂ ರಾತ್ರಿ ಸುರೀತಾನೇ ಇರುತ್ತೆ, ಆದ್ರೆ ಜೊಲ್ಲು ಬರೋದು ಅಗಿಯುವಾಗ ಮಾತ್ರ. ಗಂಟೆಗಟ್ಟಲೆ ಖಾಲಿ ಬಿಟ್ರೆ ಹುಣ್ಣಾಗುತ್ತೆ. ಎರಡು, ಕಾಳು ಒಂದೇ ಸಲ ಜಾಸ್ತಿ ಹಾಕಿದ್ರೆ ಅದರ ಪಿಷ್ಟ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು ಅಲ್ಲಿ ಹುಳಿಯುತ್ತೆ. ಹೊಟ್ಟೆನೋವು ಮತ್ತು ಗೊರಸಿನ ಒಳಗಿನ ಉರಿಯೂತ ಶುರುವಾಗೋದು ಹೀಗೆ. ಮೂರು, ಕುದುರೆಗೆ ವಾಂತಿ ಮಾಡೋಕೆ ಆಗಲ್ಲ. ಒಳಗೆ ಹೋದದ್ದು ಒಳಗೇ ತೊಂದರೆ ಕೊಡುತ್ತೆ.

ಬೂಸಾ ಮತ್ತು ನೇಪಿಯರ್: ಎರಡೂ ಸೇರಿದ್ರೆ ಮೂಳೆಗೆ ಪೆಟ್ಟು

ಕುದುರೆಯ ಮೇವಲ್ಲಿ ಕ್ಯಾಲ್ಸಿಯಂ ಯಾವತ್ತೂ ರಂಜಕಕ್ಕಿಂತ ಹೆಚ್ಚಿರಬೇಕು. ಒಂದೂವರೆಯಿಂದ ಎರಡು ಪಟ್ಟು ಇದ್ರೆ ಒಳ್ಳೇದು. ಗೋಧಿ ಬೂಸಾದಲ್ಲಿ ಇದು ಪೂರ್ತಿ ಉಲ್ಟಾ. 2 ಕೆ.ಜಿ. ಬೂಸಾದಲ್ಲಿ ರಂಜಕ 20 ಗ್ರಾಂ ದಾಟುತ್ತೆ, ಕ್ಯಾಲ್ಸಿಯಂ 3 ಗ್ರಾಂ ಆಸುಪಾಸು. 275 ಕೆ.ಜಿ. ತೂಕದ ಕುದುರೆಗೆ ದಿನಕ್ಕೆ ಕ್ಯಾಲ್ಸಿಯಂ ಕನಿಷ್ಠ 11 ಗ್ರಾಂ ಬೇಕು.

ಇನ್ನು ನೇಪಿಯರ್, ಗಿನಿ ಹುಲ್ಲು, ಸೆಟೇರಿಯಾ ಇವುಗಳಲ್ಲಿ ಆಕ್ಸಲೇಟ್ ಅನ್ನೋ ಅಂಶ ಜಾಸ್ತಿ. ಅದು ಇರೋ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುತ್ತೆ. ಹಸುವಿನ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೀತವೆ, ಹಾಗಾಗಿ ಅದಕ್ಕೆ ಅಷ್ಟಾಗಿ ತೊಂದರೆಯಿಲ್ಲ. ಕುದುರೆಗೆ ಆ ಅನುಕೂಲ ಇಲ್ಲ. ಆಗ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳ್ಕೊಳ್ಳುತ್ತೆ. ಬಿಗಿದ ನಡಿಗೆ, ಕಾಲು ಬದಲಾಗೋ ಕುಂಟು, ಅಗಿಯೋಕೆ ಕಷ್ಟ, ಕೊನೆಗೆ ಮುಖದ ಮೂಳೆ ಎರಡೂ ಕಡೆ ಊದಿಕೊಳ್ಳೋದು ಇದರ ಲಕ್ಷಣ. ಮುಖ ಊದೋವರೆಗೆ ಕಾಯಬೇಡಿ. ಬೇಗ ಗೊತ್ತಾದ್ರೆ ಮೇವು ಸರಿಪಡಿಸಿ ಕುದುರೆಯನ್ನ ಉಳಿಸಿಕೊಳ್ಳಬಹುದು.

ಮೊದಲು ತೂಕ ನೋಡಿ

ಕಾಟಾ ಬೇಡ, ಟೈಲರ್ ಟೇಪು ಮತ್ತು ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತಗೊಳ್ಳಿ. ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗೆ ಉದ್ದ ಅಳೆಯಿರಿ. ಎರಡೂ ಸೆಂಟಿಮೀಟರ್‌ನಲ್ಲಿ.

ಸುತ್ತಳತೆ × ಸುತ್ತಳತೆ × ಉದ್ದ ÷ 11,880 = ತೂಕ (ಕೆ.ಜಿ.)

ಸುತ್ತಳತೆ 150, ಉದ್ದ 145 ಇದ್ರೆ ತೂಕ ಸುಮಾರು 275 ಕೆ.ಜಿ. ದಿನಕ್ಕೆ ಬೇಕಾದ ಒಟ್ಟು ಮೇವು ತೂಕದ ಶೇ. 2ರಷ್ಟು ಒಣ ಅಂಶ, ಅಂದ್ರೆ 5.5 ಕೆ.ಜಿ. ಇದರಲ್ಲಿ ಹುಲ್ಲು-ಸೊಪ್ಪಿನ ಪಾಲು ತೂಕದ ಶೇ. 1.5ಕ್ಕಿಂತ ಕಡಿಮೆ ಆಗಬಾರದು.

ಒಂದು ಮಾದರಿ ಊಟ

275 ಕೆ.ಜಿ. ತೂಕದ, ಹಗುರ ಕೆಲಸ ಮಾಡೋ ಕುದುರೆಗೆ ದಿನಕ್ಕೆ:

- ಗರಿಕೆ, ರೋಡ್ಸ್ ಅಥವಾ ಬದುವಿನ ಹುಲ್ಲನ್ನು ಹದವಾಗಿ ಒಣಗಿಸಿದ್ದು: 3.5 ಕೆ.ಜಿ.
- ಹಸಿ ಗರಿಕೆ, ಮಣ್ಣು ಕೊಡವಿದ್ದು: 3 ಕೆ.ಜಿ.
- ಹಸಿ ಕುದುರೆ ಮೆಂತ್ಯ, ಅಂದ್ರೆ ಲೂಸರ್ನ್: 5 ಕೆ.ಜಿ.
- ಹುರುಳಿ, ಬೇಯಿಸುವ ಮುಂಚೆ ತೂಗಿದ್ದು: ಅರ್ಧ ಕೆ.ಜಿ. ಬೇಯಿಸಿ, ಆರಿಸಿ, ಎರಡು ಹೊತ್ತಿಗೆ ಹಂಚಿ
- ಉಪ್ಪು: 20 ಗ್ರಾಂ. ಬೆವರು ಸುರಿಯೋ ದಿನ ಇದರ ಎರಡರಷ್ಟು
- ಕುದುರೆಗೆ ಅಂತಲೇ ಮಾಡಿದ ಖನಿಜ ಮಿಶ್ರಣ: ಪ್ಯಾಕೆಟ್ ಮೇಲೆ ಹೇಳಿದಷ್ಟು
- ನೀರು: ದಿನವಿಡೀ ಎದುರಿಗಿರಲಿ. ಬೇಸಿಗೆಯಲ್ಲಿ ದುಡಿಯೋ ಕುದುರೆಗೆ 30 ಲೀಟರ್ ದಾಟಬಹುದು

ಇಲ್ಲಿ ಕುದುರೆ ಮೆಂತ್ಯದ ಕೆಲಸ ದೊಡ್ಡದು. 5 ಕೆ.ಜಿ. ಹಸಿ ಸೊಪ್ಪಿನಿಂದಲೇ ಸುಮಾರು 12 ಗ್ರಾಂ ಕ್ಯಾಲ್ಸಿಯಂ ಸಿಗುತ್ತೆ, ಪ್ರೋಟೀನೂ ಬರುತ್ತೆ. ಹುರುಳಿಯಲ್ಲಿ ಶೇ. 20ಕ್ಕಿಂತ ಹೆಚ್ಚು ಪ್ರೋಟೀನ್ ಇದೆ. ಬೇಯಿಸಿದ್ರೆ ಜೀರ್ಣಕ್ಕೆ ಅಡ್ಡಿ ಮಾಡೋ ಅಂಶ ಹೋಗುತ್ತೆ. ಹಿರಿಯರು ಹುರುಳಿ ಬೇಯಿಸಿಯೇ ಇಡ್ತಿದ್ದದ್ದು ಸುಮ್ಮನೆ ಅಲ್ಲ.

ಹುಲ್ಲನ್ನು ಮೂರ್ನಾಲ್ಕು ಹೊತ್ತು ಹಂಚಿ. ರಾತ್ರಿ ಪಾಲು ದೊಡ್ಡದಿರಲಿ, ಬೆಳಗಿನವರೆಗೆ ಬಾಯಾಡಿಸ್ತಾ ಇರಲಿ. ಗಬ್ಬದ ಕುದುರೆ, ಮರಿ, ಓಟದ ಕುದುರೆಗೆ ಲೆಕ್ಕ ಬೇರೆ. ಅವಕ್ಕೆ ಪಶುವೈದ್ಯರ ಸಲಹೆ ತಗೊಳ್ಳಿ.

ಖರ್ಚು ಉಳಿಸೋದು ಹೇಗೆ?

ಮೇವಿನ ಬೆಲೆಯನ್ನ ಒಣ ಅಂಶದ ಲೆಕ್ಕದಲ್ಲಿ ನೋಡಿ. ಹಸಿ ಸೊಪ್ಪು ಕೆ.ಜಿ.ಗೆ 3 ರೂಪಾಯಿ ಅಂದ್ಕೊಳ್ಳಿ. ಅದರಲ್ಲಿ ಒಣ ಅಂಶ ಶೇ. 20 ಮಾತ್ರ, ಉಳಿದದ್ದು ನೀರು. ಅಂದ್ರೆ ಒಂದು ಕೆ.ಜಿ. ಒಣ ಅಂಶಕ್ಕೆ 15 ರೂಪಾಯಿ ಬಿತ್ತು. ಒಣಹುಲ್ಲು ಕೆ.ಜಿ.ಗೆ 10 ರೂಪಾಯಿ ಇದ್ರೆ, ಒಣ ಅಂಶ ಶೇ. 90 ಇರೋದ್ರಿಂದ 11 ರೂಪಾಯಿ ಚಿಲ್ಲರೆ ಆಯ್ತು. ಹಸಿದು ಅಗ್ಗ ಅನ್ಸಿದ್ರೂ ಇಲ್ಲಿ ಹೊಟ್ಟೆ ತುಂಬಿಸೋಕೆ ಒಣದ್ದೇ ಅಗ್ಗ. ನಿಮ್ಮೂರ ಬೆಲೆ ಹಾಕಿ ಇದೇ ಲೆಕ್ಕ ಮಾಡಿ.

ನೀರಾವರಿ ಇದ್ರೆ ಕುದುರೆ ಮೆಂತ್ಯ ನೀವೇ ಬೆಳೆಯಿರಿ. ಅಕ್ಟೋಬರ್-ನವೆಂಬರ್ ಬಿತ್ತನೆಗೆ ಒಳ್ಳೆ ಕಾಲ. ಮೊದಲ ಕೊಯ್ಲು ಎರಡೂವರೆ ತಿಂಗಳಿಗೆ, ಆಮೇಲೆ 25-30 ದಿನಕ್ಕೊಂದು. ಒಮ್ಮೆ ಹಾಕಿದ್ರೆ ಮೂರು ವರ್ಷದವರೆಗೂ ಬರುತ್ತೆ. ಚೆನ್ನಾಗಿ ನೋಡಿಕೊಂಡ್ರೆ ಒಂದು ಕುದುರೆಗೆ ಮೂರು ಗುಂಟೆ ಸಾಕು. ಮಳೆಗಾಲದ ಕೊನೆಗೆ ಬದುವಿನ ಹುಲ್ಲು ಹೂ ಬಿಡುವ ಹೊತ್ತಿಗೆ ಕೊಯ್ದು ಒಣಗಿಸಿಟ್ಟುಕೊಳ್ಳಿ. ಬಲಿತು ಕಡ್ಡಿಯಾದ ಮೇಲೆ ಅದರಲ್ಲಿ ಸತ್ವ ಕಡಿಮೆ.

ನೇಪಿಯರ್ ಬಿಟ್ಟು ಬೇರೆ ದಾರಿ ಇಲ್ವಾ?

ಹಾಗಿದ್ರೆ ಅದನ್ನ ಅರ್ಧಕ್ಕಿಂತ ಕಡಿಮೆ ಮಾಡಿ, ಜೊತೆಗೆ ಕುದುರೆ ಮೆಂತ್ಯ ಹಾಕಿ, ಬೂಸಾ ಪೂರ್ತಿ ನಿಲ್ಲಿಸಿ. ಮೇವಿಗೆ ಬಳಸೋ ಸುಣ್ಣದಕಲ್ಲಿನ ಪುಡಿ, ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್, 30 ಗ್ರಾಂನಲ್ಲಿ ಸುಮಾರು 11 ಗ್ರಾಂ ಕ್ಯಾಲ್ಸಿಯಂ ಇದೆ. ಎಷ್ಟು ಕೊಡಬೇಕು ಅಂತ ಪಶುವೈದ್ಯರನ್ನ ಕೇಳಿ. ಎಲೆ-ಅಡಿಕೆ ಸುಣ್ಣ, ಗೋಡೆ ಸುಣ್ಣ ಮಾತ್ರ ಹಾಕ್ಲೇಬೇಡಿ, ಬಾಯಿ-ಕರುಳು ಸುಟ್ಟುಹೋಗುತ್ತೆ.

ಇವು ಬೇಡವೇ ಬೇಡ

- ಕೋಳಿ ಆಹಾರ. ಅದರಲ್ಲಿ ಮೊನೆನ್ಸಿನ್‌ನಂಥ ಔಷಧ ಬೆರೆಸಿರಬಹುದು. ಕೋಳಿಗೆ ಹೊಂದುವ ಆ ಔಷಧ ಸ್ವಲ್ಪವೇ ಆದ್ರೂ ಕುದುರೆಯ ಹೃದಯಕ್ಕೆ ವಿಷ, ಪ್ರಾಣಕ್ಕೇ ಕುತ್ತು
- ಬೂಷ್ಟು ಹಿಡಿದ ಮೆಕ್ಕೆಜೋಳ, ಹಿಂಡಿ, ಹುಲ್ಲು. ಕೆಟ್ಟ ಮೆಕ್ಕೆಜೋಳ ಕುದುರೆಯ ಮಿದುಳಿಗೇ ಹಾನಿ ಮಾಡುತ್ತೆ
- ಹಸಿ ಜೋಳದ ಮೇವು. ಎಳೆ ಪೈರಿನಲ್ಲಿ ಸೈನೈಡ್ ವಿಷ ಇರುತ್ತೆ
- ಕೊಯ್ದು ರಾಶಿ ಹಾಕಿ ಬಿಸಿಯಾದ ಹಸಿ ಹುಲ್ಲು

ಬದಲಾವಣೆ ನಿಧಾನವಾಗಿರಲಿ

ಇದನ್ನ ಓದಿ ನಾಳೆ ಬೆಳಿಗ್ಗೆಯೇ ಎಲ್ಲಾ ಬದಲಾಯಿಸಬೇಡಿ. ಕರುಳಿನ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಒಗ್ಗೋಕೆ ಸಮಯ ಬೇಕು. ಹಳೆಯದನ್ನ ಸ್ವಲ್ಪ ಸ್ವಲ್ಪ ಇಳಿಸ್ತಾ, ಹೊಸದನ್ನ ಏರಿಸ್ತಾ 10-14 ದಿನ ತಗೊಳ್ಳಿ. ಈ ನಡುವೆ ಕುದುರೆ ನೆಲ ಕೆರೆದು, ಹೊಟ್ಟೆ ಕಡೆ ತಿರುಗಿ ನೋಡಿ, ಮತ್ತೆ ಮತ್ತೆ ಹೊರಳಿದ್ರೆ ಮೇವು ತೆಗೆದಿಟ್ಟು ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ಎಣ್ಣೆ, ಕಷಾಯ ಅಂತ ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೆ ಅಪಾಯ.

ತಿಂಗಳಿಗೊಮ್ಮೆ ಟೇಪು ಹಿಡಿದು ಅಳತೆ ಬರೆದಿಡಿ, ಪಕ್ಕದಿಂದ ಒಂದು ಫೋಟೋ ತೆಗೀರಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಾಡಿಸಿದ್ರೆ ಸಿಗಬೇಕು. ಹಾಗಿದ್ರೆ ಮೇವು ಸರಿಯಾಗಿದೆ ಅಂತ ಅರ್ಥ. ಎಲುಬು ಎದ್ದು ಕಾಣ್ತಿದ್ರೆ ಬೂಸಾ ಚೀಲದ ಕಡೆ ಹೋಗಬೇಡಿ, ಮೊದಲು ಒಂದು ಹಿಡಿ ಹುಲ್ಲು ಜಾಸ್ತಿ ಹಾಕಿ.